ಬೂದಿಯಾದ ಎದೆ, ಬೂದಿ ಮುಚ್ಚಿದ ಕೆಂಡ

ಕಡೂರು ದಾಟಿ ಆರೇಳು ಕಿಲೋಮೀಟರು ಸಾಗಿದರೆ ಬೀರೂರು ಜಂಕ್ಷನ್. ಬೆಂಗಳೂರಿನ ಕಡೆಯಿಂದ ಬಂದ ರೈಲುಹಳಿ ಇಲ್ಲಿ ಕವಲೊಡೆಯುತ್ತದೆ. ಒಂದು ತರೀಕೆರೆಯ ಹಾದಿ ಹಿಡಿದು ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ದಾವಣಗೆರೆ, ಹುಬ್ಬಳ್ಳಿಗೆ ಹೋಗುತ್ತದೆ. ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿ ತೋಟ, ಮಂಜು ಮುಸುಕಿದ ಗಿರಿಗಳನ್ನು ನೆನೆಯುವವರಿಗೆ ಈ ಸೀಮೆ ಬೇರೆಯೇ ಮುಖವನ್ನು ತೋರಿಸುತ್ತದೆ. ಮಳೆಯ ಮೋಡಗಳು ಬಾಬಾಬುಡನ್ ಗಿರಿಯ ಆಚೆಗೇ ಹೊರೆ ಇಳಿಸಿ ಈಚೆಗೆ ಬರುವಾಗ ಹಗುರಾಗಿರುತ್ತವೆ. ಹಾಗಾಗಿ ಕಡೂರು ಬಯಲುಸೀಮೆ. 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು.

ಇಲ್ಲಿಯ ಜನರಿಗೆ ಸೋಲು ಹೊಸದಲ್ಲ. ಒಂದು ವರ್ಷ ಮಳೆ ಕೈಕೊಟ್ಟರೆ ರಾಗಿ ಹೋಯಿತು. ಸಾಲುಸಾಲಾಗಿ ಕೈಕೊಟ್ಟರೆ ತೆಂಗಿನ ಮರದ ಸುಳಿಯೇ ಬಾಡಿತು. ಈರುಳ್ಳಿ ಚೆನ್ನಾಗಿ ಬಂದ ವರ್ಷ ಅದರ ಬೆಲೆ ನೆಲ ಕಚ್ಚಿತು. ಇಂಥ ಮನೆಗಳಲ್ಲೇ ಪ್ರತಿವರ್ಷ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶಕ್ಕಾಗಿ ಕಾದು ಕೂರುವ ಮಕ್ಕಳೂ ಇರುತ್ತಾರೆ. ನಂಬರು ಕಡಿಮೆ ಬಂದ ದಿನ ಮನೆ ಮೌನವಾಗುತ್ತದೆ. ಆ ಮೌನಕ್ಕೆ ಕನ್ನಡದಲ್ಲಿ ಹೆಸರುಗಳಿವೆ: ಎದೆಗುಂದುವುದು, ಕೈಚೆಲ್ಲುವುದು, ತಲೆಯ ಮೇಲೆ ಕೈಹೊತ್ತು ಕೂರುವುದು. ನಮ್ಮ ಭಾಷೆ ಸೋಲನ್ನು ಮೈಯಲ್ಲಿ ಕಂಡಿದೆ.

ಚೀನೀಯರು ಇದನ್ನೇ ಒಲೆಯಲ್ಲಿ ಕಂಡಿದ್ದಾರೆ. ಮೇಲಿಂದ ಮೇಲೆ ಪೆಟ್ಟು ತಿಂದು ಮನಸ್ಸು ಸೋತವನ ಸ್ಥಿತಿಗೆ ಅವರು ‘ಹ್ವೇ-ಶಿನ್’ ಎನ್ನುತ್ತಾರೆ. ‘ಹ್ವೇ’ ಎಂದರೆ ಬೂದಿ, ‘ಶಿನ್’ ಎಂದರೆ ಹೃದಯ. ಬೂದಿಯಾದ ಎದೆ! ಇದೇ ಅರ್ಥಕ್ಕೆ ‘ಶ್ಯೇ-ಛೀ’ ಎಂಬ ಇನ್ನೊಂದು ಮಾತೂ ಉಂಟು. ಅದರ ಮಾತಿನರ್ಥ ಗಾಳಿ ಬಿಡುವುದು; ಪಂಕ್ಚರಾದ ಸೈಕಲ್ ಟ್ಯೂಬನ್ನು ನೆನೆದರೆ ಸಾಕು.

ಕಡೂರಿನಲ್ಲಿ ನಿಂತು ಚೀನೀ ಪದವೇಕೆ ಎಂದು ಕೇಳಬಹುದು. ವೈದ್ಯಕೀಯ ಓದಲು ಕರ್ನಾಟಕದಿಂದಲೂ ಮಕ್ಕಳು ಚೀನಾಕ್ಕೆ ಹೋಗಿದ್ದಾರೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಆಸ್ಪತ್ರೆಯಲ್ಲಿ ರೋಗಿಯ ಮಾತು ತಿಳಿಯಬೇಕಾದರೆ ಚೀನೀ ಭಾಷೆ ಕಲಿಯಲೇಬೇಕು. 2020ರಲ್ಲಿ ಕೋವಿಡ್ ಬಂದಾಗ ಊರಿಗೆ ಮರಳಿದ ಭಾರತದ ವಿದ್ಯಾರ್ಥಿಗಳಿಗೆ ಮತ್ತೆ ವೀಸಾ ಸಿಕ್ಕಿದ್ದು 2022ರ ಆಗಸ್ಟ್ ಕೊನೆಯಲ್ಲಿ. ಎರಡು ವರ್ಷಕ್ಕೂ ಮಿಕ್ಕಿ ಅವರು ಮೊಬೈಲ್ ಪರದೆಯ ಮುಂದೆ ಕುಳಿತು ವೈದ್ಯವಿದ್ಯೆ ಕಲಿಯಬೇಕಾಯಿತು. ಆ ಪದದ ಅರ್ಥ ಅವರಿಗೆ ನಿಘಂಟಿಲ್ಲದೆಯೇ ತಿಳಿದಿರಬೇಕು.

ಬೀರೂರಿನಿಂದ ತರೀಕೆರೆಯತ್ತ ಹೊರಟರೆ ನೆಲದ ಬಣ್ಣ ಮೆಲ್ಲನೆ ಬದಲಾಗಿ ಅಡಿಕೆ ತೋಟಗಳು ಕಾಣತೊಡಗುತ್ತವೆ. ಹತ್ತಿರದ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಹೊಯ್ಸಳರ ಅಮೃತೇಶ್ವರ ದೇವಾಲಯವಿದೆ. ಆದರೆ ಕನ್ನಡದ ಮಕ್ಕಳಿಗೆಲ್ಲ ತರೀಕೆರೆ ಗೊತ್ತಿರುವುದು ದೇವಾಲಯದಿಂದಲ್ಲ; ಏರಿಯ ಮೇಲೆ ಮೇಯುವ ಮೂರು ಕರಿಯ ಕುರಿಮರಿಗಳಿಂದ! ಆ ಮಾತನ್ನು ಬೇಗಬೇಗ ಹೇಳಹೊರಟ ಯಾರ ನಾಲಿಗೆಯೂ ಮೊದಲ ಸಲ ನೆಟ್ಟಗೆ ಹೊರಳದು. ಮಕ್ಕಳು ತಪ್ಪುತ್ತಾರೆ, ನಗುತ್ತಾರೆ, ಮತ್ತೆ ಹೇಳುತ್ತಾರೆ. ಅಲ್ಲಿ ತಪ್ಪಿದವನಿಗೆ ಯಾರೂ ಅಂಕ ಕಳೆಯುವುದಿಲ್ಲ.

ಚೀನೀ ಭಾಷೆಯ ಕಲಿಕೆಯೂ ಹೀಗೆಯೇ. ಅಲ್ಲಿ ದನಿಯ ಏರಿಳಿತವೇ ಅರ್ಥವನ್ನು ಬದಲಿಸುತ್ತದೆ. ‘ಹ್ವೇ-ಶಿನ್’ ಎನ್ನುವಾಗ ಎರಡು ಅಕ್ಷರಗಳನ್ನೂ ಎತ್ತರದ ಸಮದನಿಯಲ್ಲಿ ನುಡಿಯಬೇಕು. ಎದೆ ಕುಸಿಯಿತು ಎಂದು ಹೇಳುವ ಪದದಲ್ಲಿ ದನಿ ಕುಸಿಯುವಂತಿಲ್ಲ! ಅದೇ ‘ಹ್ವೇ’ಯನ್ನು ಮೇಲಿನಿಂದ ಕೆಳಕ್ಕೆ ಇಳಿಸಿ ನುಡಿದರೆ ‘ಬಲ್ಲೆ, ಮಾಡಲು ಬರುತ್ತದೆ’ ಎಂಬ ಬೇರೆಯದೇ ಪದ.

ಬೂದಿ ಎಂಬುದನ್ನು ಚೀನೀಯರು ಬರೆಯುವ ರೀತಿಯೂ ಸ್ವಾರಸ್ಯದ್ದು. ಆ ಅಕ್ಷರದಲ್ಲಿ ಮೇಲೆ ಕೈ, ಕೆಳಗೆ ಬೆಂಕಿ. ಕೈಯಿಂದ ಹಿಡಿಯಬಹುದಾದಷ್ಟು ಆರಿದ ಬೆಂಕಿಯೇ ಬೂದಿ ಎಂದು ಸುಮಾರು 1900 ವರ್ಷಗಳ ಹಿಂದಿನ ಅವರ ಅಕ್ಷರಕೋಶ ವಿವರಿಸುತ್ತದೆ. ಅದಕ್ಕೂ ಹಿಂದೆ ಜುವಾಂಗ್ ಜಿ ಎಂಬ ತತ್ತ್ವಜ್ಞಾನಿಯ ಹೆಸರಿನ ಗ್ರಂಥದಲ್ಲಿ, ಮನಸ್ಸನ್ನು ತಣ್ಣಗಿನ ಬೂದಿಯಂತೆ ಮಾಡಿಕೊಂಡು ಕುಳಿತವನ ಚಿತ್ರ ಬರುತ್ತದೆ. ಅವನು ಸೋತವನಲ್ಲ, ತನ್ನನ್ನೇ ಮರೆತು ಶಾಂತನಾದವನು.

ಇತಿಹಾಸಕಾರ ಸಿಮಾ ಚಿಯೆನ್ ಕ್ರಿಸ್ತಪೂರ್ವದಲ್ಲೇ ಇನ್ನೊಂದು ಬೂದಿಯ ಕತೆ ಬರೆದಿಟ್ಟಿದ್ದಾನೆ. ಹಾನ್ ಆನ್‌ಗ್ವೋ ಎಂಬ ಅಧಿಕಾರಿ ಸೆರೆಮನೆ ಸೇರಿದಾಗ ಕಾವಲಿನವನು ಅವನನ್ನು ಹೀನಾಯವಾಗಿ ಕಂಡನಂತೆ. ಸತ್ತ ಬೂದಿಯೂ ಮತ್ತೆ ಹೊತ್ತಿಕೊಳ್ಳಲಾರದೇ ಎಂದು ಅಧಿಕಾರಿ ಕೇಳಿದ. ಹೊತ್ತಿಕೊಂಡರೆ ಉಚ್ಚೆ ಹೊಯ್ದು ಆರಿಸುತ್ತೇನೆ ಎಂದ ಆ ಕಾವಲಿನವನು. ಕೆಲಕಾಲದಲ್ಲೇ ಅಧಿಕಾರಿಗೆ ಮೊದಲಿಗಿಂತ ದೊಡ್ಡ ಹುದ್ದೆ ಸಿಕ್ಕಿತು; ಕಾವಲಿನವನು ಓಡಿಹೋದ. ಕೊನೆಗೆ ಬಂದು ತಪ್ಪೊಪ್ಪಿಕೊಂಡವನನ್ನು ಆ ಅಧಿಕಾರಿ ದಂಡಿಸದೆ ಚೆನ್ನಾಗಿಯೇ ನಡೆಸಿಕೊಂಡ.

ಬೂದಿ ಹೊತ್ತಿಕೊಳ್ಳುವುದು ಹೇಗೆ? ಬೂದಿ ಮುಚ್ಚಿದ ಕೆಂಡ ಎಂಬ ಮಾತು ಕನ್ನಡಿಗರಿಗೆ ಹೊಸದೇನಲ್ಲ. ಬೆಂಕಿಪೊಟ್ಟಣ ದುಬಾರಿಯಾಗಿದ್ದ ಕಾಲದಲ್ಲಿ ಹಳ್ಳಿಯ ಹೆಂಗಸರು ರಾತ್ರಿ ಒಲೆಯ ಕೆಂಡದ ಮೇಲೆ ಬೂದಿ ಎಳೆದು ಮಲಗುತ್ತಿದ್ದರು. ಬೂದಿಯ ಪದರ ಗಾಳಿಯನ್ನು ಅಳತೆಮೀರಿ ಒಳಬಿಡದು. ಶಾಖವನ್ನೂ ಬೇಗ ಹೊರಬಿಡದು. ಆಮ್ಲಜನಕ ಕಡಿಮೆಯಾದ್ದರಿಂದ ಕೆಂಡ ನಿಧಾನವಾಗಿ ಉರಿಯುತ್ತದೆ. ಬೆಳಗ್ಗೆ ಬೂದಿ ಸರಿಸಿ ಊದುಕೊಳವೆಯಿಂದ ಊದಿದರೆ ಒಲೆ ಸಿದ್ಧ. ಬಿತ್ತನೆಗೆಂದು ಇಟ್ಟ ಕಾಳಿಗೂ ಬೂದಿ ಬೆರೆಸುತ್ತಿದ್ದರು. ಅದರ ನುಣ್ಣನೆಯ ಕಣಗಳು ಹುಳುವಿನ ಮೈಮೇಲಿನ ಮೇಣದ ಪದರವನ್ನು ಗೀರುತ್ತವೆ. ಮೈಯ ನೀರು ಆರಿ ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಕಟ್ಟಿಗೆ ಸುಟ್ಟಾಗ ಅದರೊಳಗಿನ ಸಾರಜನಕ ಬಹುಪಾಲು ಹಾರಿಹೋಗುತ್ತದೆ ನಿಜ. ಪೊಟ್ಯಾಷ್ ಮತ್ತು ಸುಣ್ಣದ ಅಂಶ ಬೂದಿಯಲ್ಲಿ ಉಳಿದು ಗಿಡಕ್ಕೆ ಆಹಾರವಾಗುತ್ತವೆ. ಹೋದದ್ದು ಹೋಯಿತು ಎಂಬುದೂ ಸತ್ಯ, ಉಳಿದದ್ದು ಉಂಟು ಎಂಬುದೂ ಸತ್ಯ.

ಹಿಂದೆ ತರೀಕೆರೆ ತಾಲ್ಲೂಕಿಗೇ ಸೇರಿದ್ದ ಅಜ್ಜಂಪುರ ಈಗ ಪ್ರತ್ಯೇಕ ತಾಲ್ಲೂಕು. ಅಲ್ಲಿಯ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದಲ್ಲಿ ನೀಳ ಕೊಂಬಿನ ಬೂದುಬಣ್ಣದ ದನಗಳನ್ನು ಸಾಕುತ್ತಾರೆ. ಮೈಸೂರಿನ ಅರಸರ ಕಾಲದಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಸೈನ್ಯದ ಬಂಡಿಗಳನ್ನು ಎಳೆದ ಹೆಸರಾಂತ ತಳಿ ಇದು. 1860ರಲ್ಲಿ ಖರ್ಚು ಉಳಿಸಲೆಂದು ಆಗಿನ ಬ್ರಿಟಿಷ್ ಆಡಳಿತ ಈ ಹಿಂಡನ್ನು ಮಾರಿಬಿಟ್ಟಿತು. ಆರೇ ವರ್ಷದಲ್ಲಿ ತಪ್ಪು ಅರಿವಾಗಿ 1866ರಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. ಇಂದು ಕಾವಲಿನಲ್ಲಿ ಮೇಯುವ ದನಗಳು ಆ ಎರಡನೆಯ ಪ್ರಯತ್ನದ ಫಲ.

ಅಜ್ಜಂಪುರದ ಬಳಿ ನೆಲದಡಿಯಲ್ಲಿ ಸುಮಾರು ಏಳು ಕಿಲೋಮೀಟರು ಉದ್ದದ ಸುರಂಗವೊಂದಿದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ತರೀಕೆರೆಯ ಕಡೆಯಿಂದ ಪಂಪುಗಳ ಮೂಲಕ ಮೇಲೇರಿ, ಈ ಸುರಂಗ ದಾಟಿ ಚಿತ್ರದುರ್ಗದ ಸೀಮೆಗೆ ಹರಿಯುತ್ತದೆ. ಕಡೂರಿನ ವೇದಾವತಿಯೂ ಸೇರುವುದು ಅಲ್ಲಿಯ ವಾಣಿವಿಲಾಸ ಸಾಗರವನ್ನೇ. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ! ಆ ವರ್ಷ ಮಳೆಯೂ ಕೈಹಿಡಿಯಿತು, ಭದ್ರೆಯ ನೀರೂ ಜೊತೆಗೂಡಿತು.

ಮಕ್ಕಳಿಗೆ ಅಷ್ಟು ಕಾಯುವ ಕಷ್ಟವಿಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ ಬರೆಯುವ ಅವಕಾಶ ದೊರೆಯಿತು. ಸೋತವರಿಗೆ ಹಿಂದೆ ಇದ್ದ ಬಾಗಿಲಿಗಿಂತ ಇದು ಅಗಲವಾದದ್ದು. ಆ ಬಾಗಿಲವರೆಗೆ ಮಗುವನ್ನು ಕರೆದೊಯ್ಯುವ ಕೆಲಸ ಮಾತ್ರ ಮನೆಯವರದು. ಕೆಂಡವಿರುವ ಒಲೆಗೆ ಒಮ್ಮೆಲೇ ಕೊಡ ನೀರು ಸುರಿದರೆ ಅದು ಆರುತ್ತದೆ. ಜೋರಾಗಿ ಊದಿದರೆ ಬೂದಿ ಊದಿದವರ ಕಣ್ಣಿಗೇ ಹಾರುತ್ತದೆ. ಹಳ್ಳಿಯ ಅಜ್ಜಿಯರು ಮೊದಲು ಬೆರಳಿನಿಂದ ಬೂದಿಯನ್ನು ಮೆಲ್ಲನೆ ಸರಿಸಿ, ಬಿಸಿ ಎಲ್ಲಿ ಉಳಿದಿದೆಯೆಂದು ನೋಡಿ, ಆಮೇಲೆ ಊದುತ್ತಿದ್ದರು.