ಮಕ್ಕಳೊಂದಿಗೆ ಹುಲಿಯ ಊರಿಗೆ

‘ಸಫಾರಿ’ ಎಂಬ ಮಾತನ್ನು ನಮ್ಮ ಕಡೆಯವರು ಬಹುಕಾಲ ದರ್ಜಿಯ ಅಂಗಡಿಯಲ್ಲಿ ಮಾತ್ರ ಕೇಳಿದ್ದರು. ಮದುವೆಯ ಗಂಡಿಗೆ ಮಾವನ ಮನೆಯವರು ಹೊಲಿಸಿಕೊಡುತ್ತಿದ್ದ, ನಾಲ್ಕು ಜೇಬುಗಳ, ಬೂದುಬಣ್ಣದ ಆ ಉಡುಪಿಗೂ ಕಾಡಿಗೂ ಏನು ಸಂಬಂಧವೆಂದು ಯಾರೂ ವಿಚಾರಿಸಿದಂತೆ ಕಾಣೆ. ಅರಬ್ಬಿಯಲ್ಲಿ ‘ಸಫರ್’ ಎಂದರೆ ಪ್ರಯಾಣ. ಅದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಗೆ ಹೋಗಿ ‘ಸಫಾರಿ’ಯಾಯಿತು, ಅಲ್ಲಿಂದ ಕೋವಿ ಹಿಡಿದ ಬಿಳಿಯರ ಬಾಯಿಗೆ ಬಂದು ಬೇಟೆಯ ಮಾತಾಯಿತು. ಈಗ ಕೋವಿ ಹೋಗಿ ಕೆಮರಾ ಬಂದಿದೆ. ಮಾತು ಹಾಗೆಯೇ ಉಳಿದಿದೆ.

ನಾವಿರುವುದು ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ. ಹೆಸರಿನಲ್ಲಿ ಬೈಲು ಉಂಟು, ಊರಿನಲ್ಲಿ ಇಲ್ಲ. ನನ್ನ ಅಜ್ಜಿ ಈ ಕಡೆ ರಾತ್ರಿ ನರಿ ಕೂಗುವುದನ್ನು ಕೇಳಿದವಳು. ಈಗ ಇಲ್ಲಿ ಜೈಲು ಉಂಟು, ಕಾಲೇಜುಗಳುಂಟು, ಒಂದರ ಹೆಗಲಿಗೆ ಇನ್ನೊಂದು ಆತುಕೊಂಡ ಬಹುಮಹಡಿ ಮನೆಗಳುಂಟು. ವನ್ಯಮೃಗವೆಂದರೆ ಹಳೆಯ ಹಿತ್ತಿಲೊಂದರಲ್ಲಿ ಉಳಿದುಕೊಂಡ ಮುಂಗುಸಿ ಮಾತ್ರ. ಅದನ್ನು ನೋಡಲು ಟಿಕೇಟು ಬೇಡ. ಆದ್ದರಿಂದ ಯಾರೂ ನೋಡುವುದಿಲ್ಲ.

ನಮ್ಮ ಮೇಲಿನ ಮಹಡಿಯವರು 2023ರಲ್ಲಿ ಸಂಸಾರಸಮೇತ ದಕ್ಷಿಣ ಆಫ್ರಿಕಕ್ಕೆ ಹೋಗಿ ಬಂದರು. ಒಂದು ಭಾನುವಾರ ಸಂಜೆ ನಮ್ಮನ್ನು ಕರೆದು, ಗೋಡೆಯಗಲದ ಟಿ.ವಿ.ಯಲ್ಲಿ ಕ್ರೂಗರ್ ಕಾಡಿನ ಚಿತ್ರಗಳನ್ನು ತೋರಿಸಿದರು. 1898ರಲ್ಲಿ ಬೇಟೆ ನಿಷೇಧಿಸಿ ಕಾದಿರಿಸಿದ ನೆಲ. 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಂಥ ನಾಲ್ಕನ್ನು ಒಳಗಿಟ್ಟುಕೊಳ್ಳುವಷ್ಟು ದೊಡ್ಡದು. ಹುಲ್ಲುಬಯಲು. ಪ್ರಾಣಿಗಳು ಸಂತೆಗೆ ಬಂದವರಂತೆ ನಿಂತಿರುತ್ತವೆ. ಸಿಂಹ, ಆನೆ, ಕಾಡೆಮ್ಮೆ, ಚಿರತೆ, ಖಡ್ಗಮೃಗ, ಈ ಐದನ್ನು ‘ಬಿಗ್ ಫೈವ್’ ಎನ್ನುತ್ತಾರಂತೆ. ಇವು ಗಾತ್ರದಲ್ಲಿ ದೊಡ್ಡವೆಂದಲ್ಲ. ಕಾಲ್ನಡಿಗೆಯಲ್ಲಿ ಬೇಟೆಯಾಡಲು ಅತಿ ಅಪಾಯದವು ಎಂದು ಹಿಂದಿನ ಬೇಟೆಗಾರರು ಮಾಡಿಟ್ಟ ಪಟ್ಟಿ. ಅವರ ಇಬ್ಬರು ಹುಡುಗರು ಎರಡೇ ದಿನದಲ್ಲಿ ಐದಕ್ಕೂ ಗುರುತು ಹಾಕಿ ಮುಗಿಸಿ, ಮೂರನೆಯ ದಿನದಿಂದ ವಸತಿಗೃಹದ ಈಜುಕೊಳ ಬಿಟ್ಟು ಏಳಲಿಲ್ಲವಂತೆ.

ಮೆಟ್ಟಿಲಿಳಿಯುವಾಗ ನಮ್ಮಾಕೆ ಹೇಳಿದಳು: “ಅಷ್ಟು ದೂರ ಯಾಕೆ? ನಮಗೆ ನಾಗರಹೊಳೆ ಉಂಟಲ್ಲ.” ಈ ಮಾತಿನಲ್ಲಿ ದೇಶಾಭಿಮಾನವೆಷ್ಟು, ಮಗಳ ಕಾಲೇಜಿನ ಶುಲ್ಕದ ಲೆಕ್ಕವೆಷ್ಟು ಎಂದು ನಾನು ಬಿಡಿಸಿ ನೋಡಲು ಹೋಗಲಿಲ್ಲ.

ಚಿಕ್ಕ ಮಕ್ಕಳನ್ನು ಎಲ್ಲಿಗಾದರೂ ಹೊರಡಿಸಬಹುದು, ಮುದುಕರನ್ನೂ ಹೊರಡಿಸಬಹುದು. ಹದಿಹರೆಯದವರನ್ನು ಹೊರಡಿಸುವುದೆಂದರೆ ಖೆಡ್ಡಾ ನಡೆಸಿದಂತೆ: ಹಿಂದಿನಿಂದ ತಮಟೆ ಬಡಿಯಬೇಕು, ಮುಂದೆ ಕಬ್ಬು ಇಡಬೇಕು. 2024ರ ಏಪ್ರಿಲಿನಲ್ಲಿ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಮಗನಿಗೆ ಹದಿನಾಲ್ಕು. ಒಂದೇ ಸೂರಿನಡಿ ಇದ್ದೂ ನಾವು ನಾಲ್ವರು ಊಟದ ಹೊತ್ತಿನಲ್ಲಿ ಮಾತ್ರ, ಅದೂ ಕರೆಂಟು ಹೋದ ದಿನಗಳಲ್ಲಿ, ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದ ಕಾಲ. ಪ್ರಯಾಣದ ವಿಷಯ ಎತ್ತಿದಾಗ ಮಗಳು “ಎಂತ ಉಂಟು ಅಲ್ಲಿ?” ಎಂದಳು. ಮಗ “ನೆಟ್‌ವರ್ಕ್ ಸಿಗ್ತದಾ?” ಎಂದ. ಹುಲಿ ಉಂಟು ಎಂದೆ. “ಗ್ಯಾರಂಟಿಯಾ?” ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ನಮ್ಮ ಮಗನಿಗೆ ಹುಲಿ ಹೊಸತಲ್ಲ. ಹತ್ತಿರದ ಪಿಲಿವೇಷದ ತಂಡವೊಂದರಲ್ಲಿ ಎರಡು ವರ್ಷದಿಂದ ಮರಿಹುಲಿಯಾಗಿ ಕುಣಿಯುತ್ತಾನೆ. ಮೈಗೆ ಬಣ್ಣ ಬಳಿದುಕೊಂಡು, ತಾಸೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತ ನವರಾತ್ರಿಯಲ್ಲಿ ಬೀದಿ ಸುತ್ತುತ್ತಾನೆ. ತುಳುನಾಡಿನವರಾದ ನಮಗೆ ಹುಲಿ ಎಲ್ಲೆಲ್ಲೂ ಉಂಟು: ಪಿಲಿಕುಳದ ಹೆಸರಿನಲ್ಲಿ, ಪಿಲಿಚಾಮುಂಡಿಯ ಕೋಲದಲ್ಲಿ. ನಮ್ಮ ಕಾಡಿನಲ್ಲಿ ಮಾತ್ರ ಅದನ್ನು ಕಂಡವರ ಕತೆ ಹೇಳುವವರೂ ಈಗ ಇಲ್ಲ.

ದಾರಿಯ ವಿಷಯ ಹೆಚ್ಚು ಬರೆಯುವಂಥದಲ್ಲ. ಬೆಳಗಿನ ನಾಲ್ಕಕ್ಕೆ ಹೊರಟೆವು. ಪುತ್ತೂರಿನಲ್ಲಿ, ಶಿವರಾಮ ಕಾರಂತರ ಬಾಲವನ ಇಲ್ಲೇ ಎಂದು ತೋರಿಸಲು ಹೋದರೆ ಹಿಂದಿನ ಸೀಟಿನಲ್ಲಿ ಇಬ್ಬರೂ ನಿದ್ದೆ. ಕಾರಂತರ ಮಗ ಉಲ್ಲಾಸ ಕಾರಂತರೇ ನಾಗರಹೊಳೆಯ ಹುಲಿಗಳನ್ನು ದಶಕಗಟ್ಟಲೆ ಅಭ್ಯಾಸ ಮಾಡಿದವರು. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಬೇಸಾಯ ಮಾಡಿ, ಆಮೇಲೆ ಹುಲಿಯ ಹಿಂದೆ ಹೋದವರು. ಕಾಡಿನಲ್ಲಿ ತಾನಾಗಿ ಚಿತ್ರ ತೆಗೆಯುವ ಕೆಮರಾ ಕಟ್ಟಿ, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ ಎಣಿಸುವ ಕ್ರಮವನ್ನು ನೆಲೆಗೊಳಿಸಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಸಂಪಾಜೆಯ ಘಾಟಿಯಲ್ಲಿ ಎಚ್ಚರಾದ ಮಗನಿಗೆ ಇದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಪೈಂಟರ್ ಎಲ್ಲರಿಗೂ ಒಂದೇ ಪಟ್ಟೆ ಹಾಕ್ತಾನೆ” ಎಂದ.

ಮಡಿಕೇರಿ, ಹುಣಸೂರು, ಎಚ್.ಡಿ. ಕೋಟೆ. ಮರುದಿನ ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ದಮ್ಮನಕಟ್ಟೆಯಲ್ಲಿ ಅರಣ್ಯ ಇಲಾಖೆಯ ಹಸಿರು ಬಸ್ಸಿನಲ್ಲಿ ಕುಳಿತಿದ್ದೆವು. ಡ್ರೈವರು ನಲವತ್ತು ದಾಟಿದ, ಸಣ್ಣ ಮೈಯ ಮನುಷ್ಯ. ಹೊರಡುವ ಮುಂಚೆ ಹಿಂದೆ ತಿರುಗಿ ಒಂದೇ ಮಾತು ಹೇಳಿದ: “ಮಾತಾಡ್ಬೇಡಿ ಸಾರ್. ನೀವು ಸುಮ್ನಿದ್ರೆ ಅವು ಮಾತಾಡ್ತವೆ.” ಬಸ್ಸು ಕಾಡಿನೊಳಕ್ಕೆ ತಿರುಗುತ್ತಿದ್ದಂತೆ ನೆಟ್‌ವರ್ಕು ಹೋಯಿತು. ಮಗ ಮೊಬೈಲನ್ನು ಒಮ್ಮೆ ಕಿಟಕಿಯ ಹೊರಗೆ ಹಿಡಿದು ನೋಡಿ, ಜೇಬಿಗೆ ಹಾಕಿಕೊಂಡ.

ಮಳೆ ಕೈಕೊಟ್ಟ ವರ್ಷ. ಎಲೆಯುದುರಿದ ಕಾಡು ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೊದಲರ್ಧ ಗಂಟೆ ಜಿಂಕೆ, ಜಿಂಕೆ, ಮತ್ತೆ ಜಿಂಕೆ. ಹಿಂದಿನ ಸಾಲಿನ ಒಬ್ಬ ಮಹಾಶಯರು ಪ್ರತಿ ತಿರುವಿನಲ್ಲಿಯೂ “ಟೈಗರ್ ಯಾವಾಗ?” ಎಂದು ವಿಚಾರಿಸುತ್ತಿದ್ದರು, ರೈಲು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳುವವರಂತೆ. ಅಷ್ಟರಲ್ಲಿ ಡ್ರೈವರು ಇಂಜಿನು ನಿಲ್ಲಿಸಿದ. ದಾರಿಯ ಧೂಳಿನಲ್ಲಿ ಹೆಜ್ಜೆಯಿತ್ತು. ಹೊಸತು, ಅಂಚು ಇನ್ನೂ ಕುಸಿದಿರಲಿಲ್ಲ. ಹುಲಿ ನಿಧಾನವಾಗಿ ನಡೆಯುವಾಗ ಮುಂಗಾಲಿಟ್ಟ ಗುರುತಿನ ಮೇಲೆಯೇ ಹಿಂಗಾಲಿಡುತ್ತದೆಂದೂ, ಅದಕ್ಕೇ ತರಗೆಲೆಯ ಮೇಲೂ ಸದ್ದಾಗುವುದಿಲ್ಲವೆಂದೂ ಮೆಲ್ಲನೆ ಹೇಳಿದ. ದೂರದಲ್ಲಿ ಮುಸುವವೊಂದು ಕೆಮ್ಮಿದಂತೆ ಕೂಗಿತು. ಒಡನೆಯೇ ಬಿದಿರ ಮೆಳೆಯ ಆಚೆಯಿಂದ ಜಿಂಕೆಯ ಎಚ್ಚರಿಕೆಯ ಕೂಗು, ಒಂದು, ಎರಡು, ಮೂರು.

ಇಪ್ಪತ್ತು ನಿಮಿಷ ಹಾಗೆಯೇ ಕುಳಿತೆವು. ಇಪ್ಪತ್ತು ನಿಮಿಷ ನನ್ನ ಇಬ್ಬರು ಮಕ್ಕಳು ಏನೂ ಮಾಡದೆ, ಏನನ್ನೂ ಕೇಳದೆ, ಒಂದೇ ಬಿದಿರ ಮೆಳೆಯನ್ನು ನೋಡುತ್ತಿದ್ದರು. ಅವರು ಮೆಳೆಯನ್ನು ನೋಡಿದರು. ನಾನು ಅವರನ್ನು ನೋಡಿದೆ. ಮಗನ ಮೇಲ್ದುಟಿಯ ಮೇಲೆ ಕಪ್ಪು ಮೂಡಿದ್ದು ನನಗೆ ಕಂಡದ್ದು ಅಲ್ಲಿಯೇ.

ಹುಲಿ ಬರಲಿಲ್ಲ. ಕೂಗು ದೂರ ದೂರ ಸರಿದು ನಿಂತಿತು. ಹಿಂದಿನ ಸಾಲಿನ ಮಹಾಶಯರು ಟಿಕೇಟಿನ ದುಡ್ಡು ದಂಡವಾಯಿತೆಂದರು. ಮಗ ತಿರುಗಿ, ಸಾಕಷ್ಟು ಗಡುಸಾಗಿ, “ಅದು ನಮ್ಮನ್ನು ನೋಡಿ ಆಯ್ತು ಅಂಕಲ್” ಎಂದ. ಬುದ್ಧಿ ಹೇಳಬೇಕಾದ ತಂದೆ ನಾನು. ಕಿಟಕಿಯ ಹೊರಗೆ ನೋಡಿದೆ.

ಹಿನ್ನೀರಿನ ಅಂಚಿಗೆ ಬಂದಾಗ ಆನೆಗಳು. ಬೇಸಗೆಯಲ್ಲಿ ಕಬಿನಿಯ ನೀರು ಇಳಿದಂತೆ ಅಂಚಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ; ಸುತ್ತಲಿನ ಕಾಡುಗಳ ಆನೆಗಳೆಲ್ಲ ಅದಕ್ಕಾಗಿ ಕೂಡುತ್ತವೆ. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳು 6,395. ಓದಿದರೆ ಅದೊಂದು ಸಂಖ್ಯೆ. ಮೂವತ್ತು ಆನೆಗಳು ಮರಿಗಳನ್ನು ನಡುವೆ ಹಾಕಿಕೊಂಡು ಎದುರಿಗೆ ದಾರಿ ದಾಟುವುದನ್ನು ನೋಡಿದರೆ ಸಂಖ್ಯೆ ಮರೆತುಹೋಗುತ್ತದೆ. ಕೊನೆಯ ಹೆಣ್ಣಾನೆ ನಿಂತು, ಕಿವಿಯಗಲಿಸಿ, ನಮ್ಮ ಕಡೆಗೆ ನಾಲ್ಕು ಹೆಜ್ಜೆ ಬಂತು. ಮಗಳು ನನ್ನ ಮುಂಗೈ ಹಿಡಿದಳು. ಏಳನೆಯ ತರಗತಿಯಿಂದೀಚೆ ಅವಳು ನನ್ನ ಕೈ ಹಿಡಿದದ್ದಿಲ್ಲ. ಆನೆ ತಿರುಗಿ ಹೋಯಿತು; ಅವಳು ಕೈ ಬಿಟ್ಟು, ಹಿಡಿದೇ ಇರಲಿಲ್ಲವೆಂಬಂತೆ ಜಡೆ ಸರಿಮಾಡಿಕೊಂಡಳು.

ನೀರಿನ ನಡುವೆ ಒಣಗಿದ ಮರದ ಮೋಟುಗಳು ಎದ್ದು ನಿಂತಿದ್ದವು. ಅಲ್ಲಿ ಕಾಕನಕೋಟೆಯ ಖೆಡ್ಡಾ ನಡೆಯುತ್ತಿತ್ತು ಎಂದು ಮಕ್ಕಳಿಗೆ ಹೇಳಿದೆ. ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿಗಳಿಂದ ಹೊಳೆಗೆ ಅಟ್ಟಿ, ಮರದ ದಿಮ್ಮಿಗಳ ದೊಡ್ಡಿಗೆ ತುಂಬುತ್ತಿದ್ದರು. ಮಹಾರಾಜರು, ವೈಸರಾಯರು ಕುಳಿತು ನೋಡುತ್ತಿದ್ದರು. 1971ರಲ್ಲಿ ಕೊನೆಯದು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿದು ಆ ನೆಲವೇ ಮುಳುಗಿತು. “ಹಾಗಾದರೆ ಅದೂ ಸಫಾರಿಯೇ” ಎಂದಳು ಮಗಳು. ಹೌದೆಂದೆ. “ಅಟ್ಟಿದವರು ಯಾರು?”

ಉತ್ತರ ಕೊಟ್ಟವನು ಡ್ರೈವರು. “ನಮ್ಮೋರೇ ಅವ್ವ. ಜೇನುಕುರುಬರು.” ಅವನ ಅಜ್ಜ ಹುಟ್ಟಿದ್ದು ಈ ಕಾಡಿನೊಳಗಂತೆ. ಕೈ ಚಾಚಿ ಒಂದು ಹುಣಸೆಮರದ ಕಡೆ ತೋರಿಸಿದ. ಈಗ ಇರುವುದು ಕಾಡಿನ ಹೊರಗೆ, ಹಾಡಿಯಲ್ಲಿ. “ಬೆಳಿಗ್ಗೆ ಡ್ಯೂಟಿಗೆ ಬರ್ತೀನಿ, ಸಂಜೆ ಹೋಗ್ತೀನಿ. ನಿಮ್ ಥರಾನೇ.” ಅದರಲ್ಲಿ ಕಹಿಯೇನೂ ಇದ್ದಂತೆ ತೋರಲಿಲ್ಲ, ಬಸ್ಸಿನ ಗೇರು ಬದಲಿಸುವಂತೆ ಹೇಳಿ ಮುಗಿಸಿದ. ತನ್ನ ಮಗಳೂ ಈ ಸಲ ಎಸ್ಸೆಸ್ಸೆಲ್ಸಿ ಬರೆದಳು, ಗಣಿತ ಕಷ್ಟವಿತ್ತಂತೆ ಎಂದ. ನಮ್ಮವಳಿಗೂ ಕಷ್ಟವೇ ಇತ್ತು. ಬಸ್ಸು ಇಳಿದ ಮೇಲೆ ಗೇಟಿನ ಬಳಿ ಅವರಿಬ್ಬರೂ ಐದು ನಿಮಿಷ ಮಾತಾಡುತ್ತಿದ್ದುದನ್ನು ಕಂಡೆ. ಗಣಿತದ ವಿಷಯವಿರಬೇಕೆಂದುಕೊಂಡೆ.

ಊರಿಗೆ ಬಂದ ಮೇಲೆ ಮೇಲಿನ ಮಹಡಿಯವರು “ಹುಲಿ ಸಿಕ್ಕಿತಾ?” ಎಂದು ಕೇಳಿದರು. ಇಲ್ಲವೆಂದೆ. “ಛೆ” ಎಂದರು. ಆ ವರ್ಷದ ನವರಾತ್ರಿಗೆ ಮೊದಲು ನಮ್ಮ ಮಗ ಜಗಲಿಯಲ್ಲಿ, ಮುಂಗಾಲಿನ ಗುರುತಿನ ಮೇಲೆ ಹಿಂಗಾಲಿಡುವ ನಡಿಗೆಯನ್ನು ದಿನಗಟ್ಟಲೆ ಅಭ್ಯಾಸ ಮಾಡಿದ. ನಾಲ್ಕು ಕಾಲಿನ ವಿದ್ಯೆ ಎರಡು ಕೈ, ಎರಡು ಮೊಣಕಾಲಿಗೆ ಸುಲಭದಲ್ಲಿ ಒಗ್ಗುವುದಿಲ್ಲ. ತಂಡದ ಗುರುಗಳು, “ತಾಸೆ ಕೇಳಿ ಕುಣಿ ಮಾರಾಯ, ತೆವಳಬೇಡ” ಎಂದು ಗದರಿದರಂತೆ.

ಮಗಳು ಬೇರೆ ದಾರಿ ಹಿಡಿದಿದ್ದಳು. ಒಂದು ರಾತ್ರಿ ಊಟದ ಹೊತ್ತಿಗೆ, ಕ್ರೂಗರಿನ ಉತ್ತರದ ತುದಿಯಿಂದ ಮಕುಲೇಕೆ ಎಂಬ ಜನರನ್ನು 1969ರಲ್ಲಿ ಬಲವಂತವಾಗಿ ಹೊರಹಾಕಿದ್ದರೆಂದು ಹೇಳಿದಳು. ಅಲ್ಲಿನ ವರ್ಣಭೇದದ ಸರಕಾರ ಹೋದ ಮೇಲೆ ಅವರು ನ್ಯಾಯ ಕೇಳಿದರು. 1998ರಲ್ಲಿ ನೆಲ ಅವರ ಹೆಸರಿಗೆ ಮರಳಿತು. ಅವರು ಅದನ್ನು ಕಾಡಾಗಿಯೇ ಉಳಿಸಿ, ನೋಡಲು ಬರುವವರಿಂದ ಸಿಗುವ ಆದಾಯದಲ್ಲಿ ಪಾಲು ಪಡೆಯುತ್ತಿದ್ದಾರೆ. “ಮೇಲಿನವರು ಇದರ ಫೋಟೋ ತೋರಿಸಲಿಲ್ಲ” ಎಂದಳು. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಹಿಂದಿರುಗಿ, ಇದು ನಮ್ಮ ಹಿರಿಯರ ಜಾಗ ಎಂದು ಗುಡಿಸಲು ಹಾಕಿದಾಗ, ಪತ್ರಿಕೆಯನ್ನು ನನಗಿಂತ ಮೊದಲು ತೆಗೆದುಕೊಂಡವಳು ಅವಳೇ. ಕಾಡು ಉಳಿಯಬೇಕಾದರೆ ಜನ ಹೊರಗಿರಬೇಕೆಂದು ನಾನು ಬಹುಕಾಲದಿಂದ ನಂಬಿದವನು. ಪುಸ್ತಕದಿಂದ ಕಾರಣಗಳನ್ನೂ ಕೊಡಬಲ್ಲೆ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ ಹುಲಿಗಳು 563. ಅವು ಗಾಳಿಯಿಂದ ಬಂದವಲ್ಲ, ಕಟ್ಟುನಿಟ್ಟಿನ ಕಾವಲಿನಿಂದ ಬಂದವು. ಅವಳು ಕೇಳಿದಳು: “ಕಾವಲು ಕಾದದ್ದು ಯಾರು?” ಅಂದು ಊಟ ತಡವಾಗಿ ಮುಗಿಯಿತು. ಕರೆಂಟು ಹೋಗಿರಲಿಲ್ಲ.

ಆ ಅಕ್ಟೋಬರ್, ನವೆಂಬರಿನಲ್ಲಿ ಸರಗೂರು ತಾಲ್ಲೂಕಿನಲ್ಲಿ ಹುಲಿಯ ಬಾಯಿಗೆ ರೈತರು ಸಿಕ್ಕಿ ಸತ್ತರು. ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ಸರಕಾರ ನಿಲ್ಲಿಸಿತು. ಸಫಾರಿಯ ವಾಹನಗಳ ಓಡಾಟದಿಂದಲೇ ಹುಲಿಗಳು ಹೊರಗೆ ಬರುತ್ತಿವೆಯೆಂಬುದು ರೈತರ ದೂರಾಗಿತ್ತು. ಹುಲಿ ಹೆಚ್ಚಿದ ಮೇಲೆ ಅಂಚಿಗೆ ತಳ್ಳಲ್ಪಡುವುದು ಸಹಜ, ಎಲ್ಲವನ್ನೂ ಬಸ್ಸಿನ ಮೇಲೆ ಹೊರಿಸಲಾಗದು ಎಂದೆ. ಪಿಯುಸಿಯ ಎರಡನೆಯ ವರ್ಷದಲ್ಲಿದ್ದ ಮಗಳು ತಲೆಯೆತ್ತದೆ, “ಅವಳ ಅಪ್ಪ ಈಗ ರಾತ್ರಿ ಗಸ್ತಿಗೆ ಹೋಗ್ತಾರೆ. ಹಾಡಿಯಲ್ಲಿ ಸಂಜೆ ಐದಕ್ಕೇ ಬಾಗಿಲು ಹಾಕ್ತಾರಂತೆ” ಎಂದಳು.

ಯಾರ ಅಪ್ಪ?

ಡ್ರೈವರ ಮಗಳ ಅಪ್ಪ. ದಮ್ಮನಕಟ್ಟೆಯ ಗೇಟಿನ ಬಳಿ ಅಂದು ಇವಳು ಪಡೆದುಕೊಂಡದ್ದು ಆ ಹುಡುಗಿಯ ನಂಬರು. ಒಂದೂವರೆ ವರ್ಷದಿಂದ ಇಬ್ಬರೂ ಬರೆದುಕೊಳ್ಳುತ್ತಿದ್ದಾರೆ: ಗಣಿತ, ಸಿನಿಮಾ, ಹಾಸ್ಟೆಲಿನ ಸಾರು, ಹುಲಿ. ನಾವು ಊಟದ ಮೇಜಿನ ಮೇಲೆ ನಿಷೇಧಿಸುತ್ತಿದ್ದ ಮೊಬೈಲಿನಲ್ಲಿ ಇಷ್ಟೆಲ್ಲ ನಡೆದಿತ್ತು.

ನಮ್ಮಾಕೆ ನನ್ನಷ್ಟು ಹೊತ್ತು ಆಶ್ಚರ್ಯಪಡುವವಳಲ್ಲ. “ರಜೆಯಲ್ಲಿ ಅವಳನ್ನು ಇಲ್ಲಿಗೆ ಕರಿ. ಕಡಲು ನೋಡಿದ್ದಾಳಾ?” ಎಂದಳು.

“ನೋಡಿಲ್ಲ. ನಾನು ಕರೆದಾಗಿದೆ. ನಿಮ್ಮ ಊರಲ್ಲಿ ಎಂತ ಪ್ರಾಣಿ ಉಂಟು ಅಂತ ಕೇಳಿದಳು.”

“ನೀನೆಂತ ಹೇಳಿದೆ?” ಎಂದು ಮಗ ಕೇಳಿದ.

“ಹುಲಿ ಉಂಟು, ನವರಾತ್ರಿಗೆ ಬಂದರೆ ಗ್ಯಾರಂಟಿ ಅಂತ ಹೇಳಿದೆ.”