ಹುಳಿ ಅಂಬಲಿ, ಕೆಂಪು ಬಾಳೆ

ಕಲಬುರಗಿಯ ಬೇಸಿಗೆಯಲ್ಲಿ ಹಾಲು ಮೊಸರಾಗಲು ಇರುಳಿಡೀ ಬೇಕಿಲ್ಲ. ಬಿಸಿಲು 42 ಡಿಗ್ರಿ ದಾಟಿದ ದಿನ ಬೆಳಿಗ್ಗೆ ಹೆಪ್ಪು ಹಾಕಿದರೆ ಮಧ್ಯಾಹ್ನದ ಊಟಕ್ಕೆ ಗಟ್ಟಿ ಮೊಸರು, ಸಂಜೆಗೆ ಹುಳಿ. ನಮ್ಮನ್ನು ಬಸವಳಿಸುವ ಸೆಕೆಯೇ ಹೆಪ್ಪಿನೊಳಗಿನ ಜೀವಿಗಳಿಗೆ ಹಬ್ಬ.

ಇಂಥ ದಿನಗಳಿಗೆಂದೇ ಜೋಳದ ಅಂಬಲಿ ಇದೆ. ಹಿಟ್ಟನ್ನು ನೀರಲ್ಲಿ ಕಲಸಿ ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಮೇಲೆಲ್ಲ ಸಣ್ಣ ಗುಳ್ಳೆ, ಹಿತವಾದ ಹುಳಿ ವಾಸನೆ. ಅದನ್ನು ಕುದಿಸಿ, ಆರಿಸಿ, ಮಜ್ಜಿಗೆ ಬೆರೆಸಿ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ ಹಾಕಬೇಕು. “ಆರಲಿ ತಡೀ, ಬಿಸಿದರಾಗ ಮಜ್ಜಿಗಿ ಹಾಕಬ್ಯಾಡ” ಎನ್ನುತ್ತಿದ್ದಳು ಅವ್ವ. ಮಜ್ಜಿಗೆ ಒಡೆಯಬಾರದೆಂಬುದು ಅವಳ ಕಾಳಜಿ. ಆ ಒಂದು ಮಾತಿನಿಂದ ಲಕ್ಷಾಂತರ ಬ್ಯಾಕ್ಟೀರಿಯಾಗಳೂ ಬದುಕುತ್ತಿದ್ದವು. ಕುದಿಯುವಾಗ ಸತ್ತವುಗಳ ಜಾಗಕ್ಕೆ ಮಜ್ಜಿಗೆಯವು ಜೀವಂತ ಬರುತ್ತಿದ್ದವು.

ಮೊಸರಿನ ಬ್ಯಾಕ್ಟೀರಿಯಾ ಆಯುಷ್ಯಕ್ಕೆ ಒಳ್ಳೆಯದೆಂದು ಜಗತ್ತಿಗೆ ಸಾರಿದವನು ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್. 1908ರಲ್ಲಿ ನೊಬೆಲ್ ಪಡೆದದ್ದು ಮಾತ್ರ ರೋಗನಿರೋಧಕ ಶಕ್ತಿಯ ಸಂಶೋಧನೆಗೆ. ಈ ಎರಡೂ ವಿಷಯ ಕರುಳಿನಲ್ಲೇ ಕೂಡುತ್ತವೆ. ಕರುಳಿಗೆ ಉರಿಯೂತವಾದಾಗ ಅಲ್ಲಿಗೆ ಧಾವಿಸುವ ಬಿಳಿ ರಕ್ತಕಣಗಳು ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಎಂಬ ಸುಡುವ ರಾಸಾಯನಿಕಗಳನ್ನು ಉಗುಳುತ್ತವೆ. ಶತ್ರುವಿಗೆಂದು ಬಿಟ್ಟದ್ದು ಕರುಳಿನ ಒಳಪದರವನ್ನೂ ಸುಡುತ್ತದೆ. ಹುಳಿಹಿಟ್ಟುಗಳಲ್ಲಿ ಸಾಮಾನ್ಯವಾಗಿ ಸಿಗುವ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟೇರಮ್ ಎಂಬ ಬ್ಯಾಕ್ಟೀರಿಯಾಕ್ಕೆ ಈ ಸುಡುವಿಕೆಯಿಂದ ಪಾರಾಗುವ ದಾರಿ ಗೊತ್ತು: ಅದು ತನ್ನ ಮೈಯೊಳಗೆ ಮ್ಯಾಂಗನೀಸ್ ತುಂಬಿಟ್ಟುಕೊಂಡು ಸೂಪರ್‌ಆಕ್ಸೈಡನ್ನು ನಿವಾರಿಸಿಕೊಳ್ಳುತ್ತದೆ. ಬೇರೆ ಕೆಲವು ಬ್ಯಾಕ್ಟೀರಿಯಾ ತಮ್ಮ ರಕ್ಷಣೆಗೆ ಗ್ಲುಟಾಥಯೋನ್ ಎಂಬ ರಾಸಾಯನಿಕ ಬಳಸುತ್ತವೆ. ಕಣ್ಣಿಗೆ ಕಾಣದ ಜೀವಿಗೆ ಎಷ್ಟು ಬುದ್ಧಿ!

ಬ್ಯಾಕ್ಟೀರಿಯಾಕ್ಕೂ ಊಟ ಬೇಕಲ್ಲ. ಅದೂ ನಮ್ಮ ಸುತ್ತಲೇ ಇದೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಹೊರಟರೆ ಕಮಲಾಪುರ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಸಿಪ್ಪೆ ಕಡುಗೆಂಪು, ಒಳಗೆ ನಸುಗೆನೆಬಣ್ಣ, ಒಂದು ತಿಂದರೆ ಹೊಟ್ಟೆ ತುಂಬುವಷ್ಟು ದಪ್ಪ. ಬಾಳೆಯ ನಾರು, ಜೋಳದ ನಾರು ನಮಗೆ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಬ್ಯುಟಿರೇಟ್ ಆಗಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಹಾಗಾಗಿ ಮಜ್ಜಿಗೆಯಷ್ಟೇ ಮರ್ಯಾದೆಯನ್ನು ನಾನು ಜೋಳದ ರೊಟ್ಟಿಗೂ ಬಾಳೆಹಣ್ಣಿಗೂ ಕೊಡುತ್ತೇನೆ.

ಇಷ್ಟು ಪ್ರೀತಿಯಿಂದ ಹೇಳಿದ ಮೇಲೆ ಒಂದು ಮಾತನ್ನು ಬಿಗಿಯಾಗಿಯೇ ಹೇಳಬೇಕು. ಈ ಬ್ಯಾಕ್ಟೀರಿಯಾಗಳಲ್ಲಿ ಪ್ರಯೋಗಾಲಯದಲ್ಲಿ, ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡ ಗುಣ ಮನುಷ್ಯರ ಕಾಯಿಲೆಯಲ್ಲಿ ಹಾಗೆಯೇ ಕಾಣುವುದಿಲ್ಲ; ಫಲ ತಳಿಯಿಂದ ತಳಿಗೆ ಬೇರೆ. ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ 1917ರಲ್ಲಿ ಸೈನಿಕನೊಬ್ಬನ ಕರುಳಿನಿಂದ ಬೇರ್ಪಡಿಸಿದ ಇ. ಕೋಲಿ ಬ್ಯಾಕ್ಟೀರಿಯಾದ ತಳಿ, ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಮರುಕಳಿಸದಂತೆ ತಡೆಯುವಲ್ಲಿ ಮೆಸಲಮೈನ್ ಔಷಧಿಗೆ ಸರಿಸಮವೆಂದು ಪರೀಕ್ಷೆಗಳಲ್ಲಿ ಕಂಡಿತು. ಆದರೆ ಕರುಳಿನ ಇನ್ನೊಂದು ಉರಿಯೂತವಾದ ಕ್ರೋನ್ಸ್ ಕಾಯಿಲೆಗೆ ಪ್ರೊಬಯಾಟಿಕ್‌ಗಳಿಂದ, ಅಂದರೆ ಇಂಥ ಉಪಕಾರಿ ಜೀವಿಗಳಿಂದ, ಅಂಥ ಭರವಸೆ ಸಿಕ್ಕಿಲ್ಲ. ನಮ್ಮ ಮನೆಯ ಹೆಪ್ಪಿನಲ್ಲಿ ಯಾವ ತಳಿ, ಎಷ್ಟು ಎಂಬುದೂ ನಮಗೆ ಗೊತ್ತಿರುವುದಿಲ್ಲ.

ಅಂಬಲಿ ಕುಡಿಯಿರಿ, ಮಕ್ಕಳಿಗೂ ಅದರ ರುಚಿ ಹತ್ತಿಸಿ. ಆದರೆ ಮಲದಲ್ಲಿ ರಕ್ತ ಕಂಡರೆ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ, ತೂಕ ಇಳಿಯುತ್ತಿದ್ದರೆ “ಉಷ್ಣ ಆಗ್ಯಾದ” ಎಂದು ಮಜ್ಜಿಗೆ ಕುಡಿದು ಸುಮ್ಮನಿರಬೇಡಿ. ಅಂದೇ ವೈದ್ಯರಿಗೆ ತೋರಿಸಿ.