ಬೆಲ್ಲ, ಮೊಳೆ, ಅಳಲೆಕಾಯಿ: ಬಗ್ರು ಊರಿನ ಅಚ್ಚು

ಜೈಪುರದಿಂದ ಅಜ್ಮೇರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಸಾಗಿದರೆ ಬಗ್ರು ಎಂಬ ಊರು ಸಿಗುತ್ತದೆ. ಕೋಟೆ, ಅರಮನೆಗಳನ್ನು ನೋಡಿ ದಣಿದ ಪ್ರವಾಸಿಗರು ಇಲ್ಲಿ ಇಳಿಯುವುದು ಕಡಿಮೆ. ಹೆದ್ದಾರಿಯಿಂದ ಕಾಣುವುದು ಲಾರಿಗಳು, ಧಾಬಾಗಳು ಮತ್ತು ಧೂಳು ಮಾತ್ರ. ಆದರೆ ಊರೊಳಗಿನ ಛೀಪಾ ಮೊಹಲ್ಲಾಕ್ಕೆ ಕಾಲಿಟ್ಟವರಿಗೆ ಊರಿನ ಪರಿಚಯ ಕಣ್ಣಿಗಿಂತ ಮೊದಲು ಕಿವಿಗೆ ಆಗುತ್ತದೆ. ಮನೆಮನೆಯಿಂದಲೂ ಧಪ್, ಧಪ್ ಎಂಬ ಒಂದೇ ಲಯದ ಸದ್ದು. ಮರದ ಅಚ್ಚಿನ ಬೆನ್ನಿಗೆ ಅಂಗೈ ಬೀಳುವ ಸದ್ದು ಅದು.

ಛೀಪಾ ಎಂದರೆ ಬಟ್ಟೆಗೆ ಅಚ್ಚೊತ್ತುವವರು. ಅವರು ತಮ್ಮ ಸಂತನೆಂದು ನೆನೆಯುವುದು ಪಂಢರಪುರದ ವಿಠಲನ ಭಕ್ತ ನಾಮದೇವನನ್ನು. ನಮ್ಮಲ್ಲಿನ ನಾಮದೇವ ಸಿಂಪಿ ಸಮಾಜದವರ ಸಂತನೂ ಅವನೇ. ಅಲ್ಲಿ ಅಚ್ಚು, ಇಲ್ಲಿ ಸೂಜಿ. ಎರಡು ಕಡೆಯೂ ಬದುಕಿಗೆ ಆಧಾರ ಬಟ್ಟೆ.

ಕಚೇರಿಯ ಮೊಹರು ಎಲ್ಲರಿಗೂ ಗೊತ್ತು. ರಬ್ಬರಿನ ಒಂದು ತುಂಡು, ಶಾಯಿ ಕುಡಿದ ಒಂದು ಮೆತ್ತೆ, ಕೈಯ ಒಂದು ಒತ್ತು. ಗುಡ್‌ಇಯರ್ ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1844ರಲ್ಲಿ. ರಬ್ಬರ್ ಮೊಹರು ಹುಟ್ಟಿದ್ದು ಅದರ ನಂತರ. ಬಗ್ರುವಿನ ಮರದ ಅಚ್ಚು ಆ ಮೊಹರಿನ ಹಿರಿಯಣ್ಣ. ಇಬ್ಬರ ಕೆಲಸದ ರೀತಿಯೂ ಒಂದೇ. ವ್ಯತ್ಯಾಸವಿರುವುದು ಶಾಯಿಯಲ್ಲಿ. ಮೊಹರಿನ ಶಾಯಿ ಅಂಗಡಿಯಿಂದ ಬರುತ್ತದೆ. ಬಗ್ರುವಿನ ಶಾಯಿ ಬರುವುದು ಅಡುಗೆಮನೆಯಿಂದ ಮತ್ತು ಗುಜರಿಯಿಂದ.

ಅಚ್ಚು ಮತ್ತು ಮೆತ್ತೆ

ಅಚ್ಚುಗಳನ್ನು ಕೆತ್ತುವುದು ಹೆಚ್ಚಾಗಿ ಶೀಶಂ ಅಥವಾ ತೇಗದ ಮರದಲ್ಲಿ. ಹೊಸ ಅಚ್ಚನ್ನು 10-15 ದಿನ ಎಣ್ಣೆಯಲ್ಲಿ ನೆನೆಸಿಡುತ್ತಾರೆ. ಎಣ್ಣೆ ಕುಡಿದ ಮರ ಬಣ್ಣದ ನೀರನ್ನು ಹೀರುವುದಿಲ್ಲ, ಉಬ್ಬುವುದಿಲ್ಲ, ಬಿರುಕು ಬಿಡುವುದಿಲ್ಲ. ದೊಡ್ಡ ಅಚ್ಚಿನ ಬೆನ್ನಿಗೆ ಸಣ್ಣ ತೂತುಗಳನ್ನು ಕೊರೆದಿರುತ್ತಾರೆ. ಒತ್ತುವಾಗ ಒಳಗೆ ಸಿಕ್ಕಿಕೊಳ್ಳುವ ಗಾಳಿ ಹೊರಹೋಗಲು ಈ ದಾರಿ. ಅದಿಲ್ಲದಿದ್ದರೆ ಬಟ್ಟೆಯ ಮೇಲೆ ಬಣ್ಣ ಗುಳ್ಳೆಯಾಗಿ ಹರಡುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚು. ಗೆರೆಗೆ ರೇಖ್, ಹಿನ್ನೆಲೆಗೆ ಗದ್, ಒಳತುಂಬಲು ದತ್ತಾ ಎಂದು ಅವುಗಳ ಹೆಸರು.

ಮೆತ್ತೆಯೂ ಮನೆಯಲ್ಲಿ ಮಾಡಿದ್ದೇ. ಮರದ ತಟ್ಟೆಯೊಂದರಲ್ಲಿ ಬಣ್ಣ ಸುರಿದು, ಅದರಲ್ಲಿ ಬಿದಿರಿನ ಜಾಲರಿ ಇಟ್ಟು, ಮೇಲೆ ಉಣ್ಣೆಯ ತುಂಡು ಮತ್ತು ತೆಳು ಬಟ್ಟೆ ಹಾಸುತ್ತಾರೆ. ಬಣ್ಣ ಕೆಳಗಿನಿಂದ ಹದವಾಗಿ ಮೇಲೇರುತ್ತದೆ. ಅಚ್ಚನ್ನು ಎರಡು ಬಾರಿ ಮೆತ್ತೆಗೆ ತಾಗಿಸಿ, ಬಟ್ಟೆಯ ಮೇಲಿಟ್ಟು, ಒಂದು ಪೆಟ್ಟು ಕೊಡುತ್ತಾರೆ. ಮುಂದಿನ ಅಚ್ಚನ್ನು ಎಲ್ಲಿಡಬೇಕೆಂದು ಅದರ ಮೂಲೆಯ ಚುಕ್ಕೆಗಳೇ ಹೇಳುತ್ತವೆ.

ಒಂದು ಸಣ್ಣ ಲೆಕ್ಕ ಹಾಕಬಹುದು. ಅಚ್ಚು 10 ಸೆಂಟಿಮೀಟರ್ ಚೌಕವಿದ್ದರೆ ಒಂದು ಚದರ ಮೀಟರ್ ಬಟ್ಟೆಗೆ ನೂರು ಪೆಟ್ಟು. ಒಂದು ಮೀಟರ್ ಅಗಲದ ಐದು ಮೀಟರ್ ಬಟ್ಟೆಗೆ, ಎರಡು ಬಣ್ಣವಾದರೆ, ಸಾವಿರ ಪೆಟ್ಟು. ಆ ಸಾವಿರದಲ್ಲಿ ಒಂದು ಓರೆಯಾದರೂ ಬಟ್ಟೆ ಅದನ್ನು ಮುಚ್ಚಿಡುವುದಿಲ್ಲ.

ಕಪ್ಪು ಹುಟ್ಟುವ ಬಗೆ

ಹೊಸ ಬಟ್ಟೆಯನ್ನು ಮೊದಲು ಸಗಣಿ, ಸೋಡಾ, ಎಳ್ಳೆಣ್ಣೆ ಕಲಸಿದ ನೀರಿನಲ್ಲಿ ನೆನೆಸಿ, ಒಗೆದು, ಅದರ ಗಂಜಿ ಮತ್ತು ಜಿಡ್ಡನ್ನು ತೆಗೆಯುತ್ತಾರೆ. ನಂತರ ಅಳಲೆಕಾಯಿಯ ಪುಡಿ ಕದಡಿದ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕುತ್ತಾರೆ. ಬಟ್ಟೆಗೆ ಮಾಸಲು ಹಳದಿ ಬರುತ್ತದೆ. ಬಗ್ರುವಿನ ಬಟ್ಟೆಗಳಲ್ಲಿ ಕಾಣುವ ಕೆನೆಬಣ್ಣದ ಹಿನ್ನೆಲೆಗೆ ಇದೇ ಕಾರಣ. ಅಳಲೆಕಾಯಿಯಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಹೇರಳವಾಗಿದೆ. ಅದು ಈಗ ನೂಲಿನೊಳಗೆ ಕುಳಿತು ಕಾಯುತ್ತಿರುತ್ತದೆ.

ಅತ್ತ ಹಿತ್ತಲಿನ ಮಡಕೆಯಲ್ಲಿ ಇನ್ನೊಂದು ಕೆಲಸ ನಡೆದಿರುತ್ತದೆ. ತುಕ್ಕು ಹಿಡಿದ ಮೊಳೆ, ಕುದುರೆ ಲಾಳ, ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಾಕಿ ಎರಡು ವಾರ ಬಿಡುತ್ತಾರೆ. ಬೆಲ್ಲ ಹುಳಿಯುತ್ತದೆ, ಆಮ್ಲವಾಗುತ್ತದೆ. ಆಮ್ಲ ಕಬ್ಬಿಣವನ್ನು ಕರಗಿಸುತ್ತದೆ. ಸೋಸಿದ ನೀರಿಗೆ ಹುಣಸೆಬೀಜದ ಪುಡಿ ಬೆರೆಸಿ ಕಾಯಿಸಿದರೆ ಅಂಟಾದ ಶಾಯಿ ಸಿದ್ಧ. ನಮ್ಮ ಚಳ್ಳಕೆರೆ ಕಡೆ ಕಂಬಳಿ ನೂಲಿಗೆ ಹಾಕುವುದೂ ಇದೇ ಹುಣಸೆಬೀಜದ ಗಂಜಿಯನ್ನು.

ಈ ಶಾಯಿ ಬಿಳಿ ಬಟ್ಟೆಗೆ ಬಿದ್ದರೆ ಬರೀ ತುಕ್ಕಿನ ಕಲೆ. ಅಳಲೆ ಕುಡಿದ ಬಟ್ಟೆಗೆ ಬಿದ್ದರೆ ನೋಡನೋಡುತ್ತಲೇ ಕಪ್ಪಾಗುತ್ತದೆ. ಕಬ್ಬಿಣ ಮತ್ತು ಟ್ಯಾನಿನ್ ನೂಲಿನೊಳಗೇ ಕೂಡಿ ನೀರಿನಲ್ಲಿ ಕರಗದ ಕಪ್ಪು ವಸ್ತುವಾಗುತ್ತವೆ. ಅಂದರೆ ಬಣ್ಣವಿರುವುದು ಮಡಕೆಯಲ್ಲಲ್ಲ. ಅದು ಹುಟ್ಟುವುದು ಬಟ್ಟೆಯಲ್ಲಿ. ಅಳಲೆಕಾಯಿ, ಅನ್ನಭೇದಿ ಸೇರಿಸಿ ನಮ್ಮ ಹಿರಿಯರು ಲೆಕ್ಕದ ಪುಸ್ತಕಗಳಿಗೆ ಮಾಡಿಕೊಳ್ಳುತ್ತಿದ್ದ ಶಾಯಿಯ ಗುಟ್ಟೂ ಇದೇ.

ಕೆಂಪಿನ ಕಥೆ ಇನ್ನೂ ಸ್ವಾರಸ್ಯ. ಅದಕ್ಕೆ ಒತ್ತುವುದು ಪಟಿಕದ ಅಂಟನ್ನು. ಪಟಿಕಕ್ಕೆ ಬಣ್ಣವಿಲ್ಲ, ಎಲ್ಲಿ ಒತ್ತಿದೆ ಎಂದು ತಿಳಿಯಲು ಸ್ವಲ್ಪ ಕಾವಿಮಣ್ಣು ಸೇರಿಸುತ್ತಾರೆ. ಆಮೇಲೆ ಬಟ್ಟೆಯನ್ನು ತಾಮ್ರದ ಹಂಡೆಯಲ್ಲಿ ಅಲಿಜರಿನ್ ಮತ್ತು ಧಾತಕಿ ಹೂವಿನೊಂದಿಗೆ ಕುದಿಸುತ್ತಾರೆ. ಪಟಿಕವಿದ್ದಲ್ಲಿ ಮಾತ್ರ ಕೆಂಪು ಕಚ್ಚುತ್ತದೆ. ಅಲಿಜರಿನ್ ಮಂಜಿಷ್ಠದ ಸೋದರಗಿಡವಾದ ಮ್ಯಾಡರ್ ಬೇರಿನ ಬಣ್ಣ. ಅದನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದವರು ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್, 1868ರಲ್ಲಿ.

ಹುಳು ತಿಂದ ಗೋಧಿಗೂ ಬೆಲೆ

ಬಗ್ರುವಿಗೆ ಹೆಸರು ತಂದದ್ದು ದಾಬೂ ಎಂಬ ಕೆಸರಿನ ಅಚ್ಚು. ಕೆರೆಯಂಗಳದ ಕಪ್ಪು ಮಣ್ಣು, ಸುಣ್ಣದ ನೀರು, ಗೋಂದು ಮತ್ತು ಹುಳು ತಿಂದು ಹಾಳಾದ ಗೋಧಿಯ ಪುಡಿ ಇದರ ಸಾಮಗ್ರಿ. ಇವನ್ನು ಕಾಲಿನಿಂದ ತುಳಿದು, ಸೋಸಿ, ಅಚ್ಚಿನಿಂದ ಒತ್ತಿ, ಮೇಲೆ ಮರದ ಹೊಟ್ಟು ಉದುರಿಸಿ ಒಣಗಿಸುತ್ತಾರೆ. ನಂತರ ಬಟ್ಟೆ ನೀಲಿಯ ತೊಟ್ಟಿಗೆ ಇಳಿಯುತ್ತದೆ. ಮೇಲೆ ಬರುವಾಗ ಹಸಿರಾಗಿದ್ದು, ಗಾಳಿಯ ಆಮ್ಲಜನಕ ತಾಗಿದಂತೆ ನೀಲಿಯಾಗುತ್ತದೆ. ಕೆಸರಿದ್ದ ಕಡೆ ನೀಲಿ ಹೋಗಲಾರದು. ಒಗೆದಾಗ ಕೆಸರು ಬಿಟ್ಟು ಅಲ್ಲಿ ಹೂವು, ಬಳ್ಳಿ, ಎಲೆ ಮೂಡುತ್ತವೆ. ಮನೆಯಲ್ಲಿ ಎಸೆಯಬೇಕಾದ ಗೋಧಿಗೂ ಇಲ್ಲಿ ಬೆಲೆಯಿದೆ.

ಮನೆಯಲ್ಲೂ ಮಾಡಬಹುದು

ಈ ಕಲೆಯ ಮೊದಲ ಮೆಟ್ಟಿಲನ್ನು ಯಾವ ಊರಿನಲ್ಲಾದರೂ ಹತ್ತಬಹುದು. ಗ್ರಂಧಿಗೆ ಅಂಗಡಿಯ ಅಳಲೆಕಾಯಿ ಪುಡಿ, ಬೆಲ್ಲ, ಹಳೆಯ ಮೊಳೆ, ಹತ್ತಿಯ ಬಟ್ಟೆ ಇದ್ದರೆ ಸಾಕು. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, ಎರಡು ಹಿಡಿ ಮೊಳೆ ಹಾಕಿ ಎರಡು ವಾರ ಇಡಬೇಕು. ಬಾಯಿಗೆ ಬಟ್ಟೆ ಕಟ್ಟಬೇಕೇ ಹೊರತು ಬಿರಡೆ ಬಿಗಿಯಬಾರದು. ಒಳಗೆ ಅನಿಲ ಹುಟ್ಟುತ್ತದೆ. ಮಕ್ಕಳ ಕೈಗೆ ಸಿಗದಂತೆ, ಅಡುಗೆಗೆ ಬಳಸದ ಪಾತ್ರೆಯಲ್ಲೇ ಇದನ್ನು ಮಾಡಬೇಕು. 100 ಗ್ರಾಂ ಬಟ್ಟೆಗೆ 20 ಗ್ರಾಂ ಅಳಲೆ ಪುಡಿ ಸಾಕು. ಬಟ್ಟೆಯನ್ನು ಸೋಪಿನಲ್ಲಿ ಕುದಿಸಿ ಗಂಜಿ ತೆಗೆದು, ಅಳಲೆ ನೀರಿನಲ್ಲಿ ನೆನೆಸಿ, ಹಿಂಡಿ ಒಣಗಿಸಬೇಕು.

ಅಚ್ಚಿಗೆ ಅರ್ಧ ಕತ್ತರಿಸಿದ ಆಲೂಗಡ್ಡೆ ಸಾಕು. ಕೆತ್ತಿದ ಮೇಲೆ ಅದರ ತೇವವನ್ನು ಬಟ್ಟೆಯಿಂದ ಒರೆಸಬೇಕು. ಇನ್ನೂ ಚೊಕ್ಕಟವಾಗಿ ಬೇಕಿದ್ದರೆ ಶಾಲೆಯ ರಬ್ಬರನ್ನೇ ಬ್ಲೇಡಿನಿಂದ ಕೆತ್ತಬಹುದು. ಅಕ್ಷರ ಕೆತ್ತುವವರು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆತ್ತಬೇಕೆಂಬುದು ನೆನಪಿರಲಿ. ತಟ್ಟೆಯಲ್ಲಿ ಹಳೆಯ ಉಣ್ಣೆ ಬಟ್ಟೆ ಅಥವಾ ಸ್ಪಂಜು ಹಾಸಿದರೆ ಮೆತ್ತೆ. ಶಾಯಿ ಹರಿದರೆ ಗಂಜಿ ಕಡಿಮೆಯಾಗಿದೆ, ಹಿಸುಕಿದಂತಾದರೆ ಪೆಟ್ಟು ಹೆಚ್ಚಾಗಿದೆ ಎಂದು ತಿಳಿಯಬೇಕು. ಶಾಯಿ ತೀರಾ ಗಾಢವಾಗಿರಬಾರದು. ಕಬ್ಬಿಣ ಹೆಚ್ಚಾದರೆ ಹತ್ತಿಯ ನೂಲು ಸವೆಯುತ್ತದೆ. ಹಳೆಯ ಅಚ್ಚಿನ ಬಟ್ಟೆಗಳಲ್ಲಿ ಮೊದಲು ಪಿಸಿಯುವುದು ಕಪ್ಪು ಹೂಗಳೇ.

ಒಂದು ದಿನ ಬಿಟ್ಟು ಒಗೆಯಲು ಕುಳಿತವರಿಗೆ ಬಗ್ರುವಿನ ನಿಜವಾದ ಕಷ್ಟ ಅರ್ಥವಾಗುತ್ತದೆ. ಹೆಚ್ಚುವರಿ ಶಾಯಿ ಬಿಟ್ಟು ಪಕ್ಕದ ಜಾಗಕ್ಕೆ ಕಲೆಯಾಗದಿರಲು ನೀರನ್ನು ಮತ್ತೆ ಮತ್ತೆ ಬದಲಿಸಬೇಕು. ಒಂದು ಕರವಸ್ತ್ರಕ್ಕೇ ಬಕೆಟ್ಟಿನ ಮೇಲೆ ಬಕೆಟ್ಟು.

ಬತ್ತಿದ ಹೊಳೆ

ಛೀಪಾಗಳು ಬಗ್ರುವಿನಲ್ಲಿ ನೆಲೆ ನಿಂತದ್ದು ಸಂಜಾರಿಯಾ ಎಂಬ ಹೊಳೆಯ ಆಸರೆಯಲ್ಲಿ. ಬಟ್ಟೆ ಒಗೆಯಲು ಹರಿವ ನೀರು, ಒಣಗಿಸಲು ಮರಳು ದಂಡೆ, ಅಚ್ಚಿಗೆ ಅಲ್ಲಿನದೇ ಮಣ್ಣು. ಇಂದು ಆ ಹೊಳೆ ಹರಿಯುವುದಿಲ್ಲ. ಒಗೆಯುವುದು ತೊಟ್ಟಿಗಳಲ್ಲಿ, ನೀರು ಬರುವುದು ನೆಲದಾಳದಿಂದ. ಸುತ್ತಲ ಕೃಷಿಗೂ ಬೆಳೆಯುತ್ತಿರುವ ಊರಿಗೂ ಬೇಕಾಗಿರುವುದು ಅದೇ ನೀರು.

ಇನ್ನೊಂದು ಪೈಪೋಟಿ ಜಾಲರಿ ಪರದೆಯ ಮುದ್ರಣದ್ದು. ಅಚ್ಚಿನವರ ನೂರು ಪೆಟ್ಟಿನ ಕೆಲಸವನ್ನು ಅದು ಕೆಲವೇ ಎಳೆತಗಳಲ್ಲಿ ಮುಗಿಸುತ್ತದೆ. ಬಗ್ರುವಿನ ಚಿತ್ರಗಳನ್ನೇ ಹೊತ್ತ, ಆದರೆ ಅಳಲೆಯನ್ನಾಗಲಿ ಬೆಲ್ಲವನ್ನಾಗಲಿ ಕಾಣದ ಬಟ್ಟೆಗಳು ಅರ್ಧ ಬೆಲೆಗೆ ಸಿಗುತ್ತವೆ. ಕೊಳ್ಳುವವರಿಗೆ ಗುರುತು ಒಂದಿದೆ. ಕೈ ಅಚ್ಚಿನ ಬಟ್ಟೆಯಲ್ಲಿ ಎರಡು ಒತ್ತುಗಳು ಕೂಡುವಲ್ಲಿ ಕೂದಲೆಳೆಯ ವ್ಯತ್ಯಾಸವಿರುತ್ತದೆ. ಒಂದು ಹೂವು ತುಸು ಗಾಢ, ಪಕ್ಕದ್ದು ತುಸು ತಿಳಿ. ಅಂಗಡಿಯಲ್ಲಿ ಇದನ್ನು ದೋಷವೆಂದು ಬೆಲೆ ಇಳಿಸಲು ಕೇಳುವವರಿದ್ದಾರೆ. ಮನೆಯಲ್ಲಿ ಒಮ್ಮೆ ಆಲೂಗಡ್ಡೆಯಿಂದ ಹತ್ತು ಹೂವುಗಳನ್ನು ಒಂದೇ ಸಾಲಿನಲ್ಲಿ ಒತ್ತಲು ಯತ್ನಿಸಿದವರು ಮತ್ತೆ ಹಾಗೆ ಕೇಳಲಾರರು.

ಸಂಜೆ ಬಿಸಿಲು ಇಳಿದಾಗ ಬಯಲಿನಲ್ಲಿ ಹಾಸಿದ ಬಟ್ಟೆಗಳನ್ನು ಮಡಿಸಿ ಒಳಗೊಯ್ಯುತ್ತಾರೆ. ಅಚ್ಚಿನ ಸದ್ದು ಒಂದೊಂದೇ ಮನೆಯಲ್ಲಿ ನಿಲ್ಲುತ್ತದೆ. ಹಿತ್ತಲ ಮಡಕೆಯಲ್ಲಿ ಮಾತ್ರ ಬೆಲ್ಲ ಮೊಳೆಗಳನ್ನು ಕರಗಿಸುತ್ತಲೇ ಇರುತ್ತದೆ. ಎರಡು ವಾರದ ನಂತರದ ಕೆಲಸಕ್ಕೆ ಶಾಯಿ ಇವತ್ತೇ ತಯಾರಾಗಬೇಕು. ಅದನ್ನು ಒಗೆಯಲು ಆಗ ನೀರೂ ಇರಬೇಕು.